ಒಗೆಯುವ ಕಲ್ಲಿನ ಕೆಳಗೆ

ಬೆಳಗಾವಿಯ ನೆಲ ಕೈಕೊಟ್ಟಿತು ಎಂದು ಕಂಪನಿಯವರು ಮೊದಲು ಹೇಳಿದರು. ಯಂತ್ರ ನಡೆಸುವವನು ಅವಸರ ಮಾಡಿದ ಎಂದೂ ಸೇರಿಸಿದರು. ಎರಡನ್ನೂ ನಾನು ಒಪ್ಪುವುದಿಲ್ಲ. ಸದಾಶಿವನಗರದ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಬೂದು ಕೆಸರು ಉಕ್ಕಿದ ಬೆಳಿಗ್ಗೆ ನಾನು ಮಹಡಿಯ ಕಿಟಕಿಯಲ್ಲಿ ಹಲ್ಲುಜ್ಜುತ್ತಿದ್ದೆ. ಅದು ನಮ್ಮ ಸುರಂಗದ್ದೇ ಎಂದು ನೋಡಿದೊಡನೆ ಗೊತ್ತಾಯಿತು. ಹಲ್ಲುಜ್ಜುವುದನ್ನು ಮುಗಿಸಿಯೇ ಕೆಳಗಿಳಿದೆ.

ಮಂಡ್ಯದಿಂದ ಬಂದು ಎಂಟು ತಿಂಗಳಾಗಿತ್ತು. ಊರಿನಡಿ ಒಳಚರಂಡಿಯ ಸುರಂಗ ಕೊರೆಯುವ ಕೆಲಸ. ಮುಂದಿನ ನೆಲ ಎಂಥದು ಎಂದು ಬರೆದುಕೊಡುವುದು ನನ್ನ ಪಾಲು. ಇಲ್ಲಿ ಯಂತ್ರದ ಎದುರು ಅರ್ಧ ಕರಿಕಲ್ಲು, ಅರ್ಧ ಬೆಣ್ಣೆಯಂಥ ಕೆಂಪು ಜೇಡಿ. ಜೇಡಿ ಕುಸಿಯದಂತೆ ಮಣ್ಣು ಕಲಸಿದ ನೀರನ್ನು ಒತ್ತಡದಲ್ಲಿ ತುಂಬಿ ತಡೆಹಿಡಿಯುತ್ತೇವೆ. ಹಳೆಯ ಬಾವಿ ಅಡ್ಡ ಬಂದರೆ ನೀರೆಲ್ಲ ಅದಕ್ಕೆ ನುಗ್ಗುತ್ತದೆ, ನೆಲ ಕುಸಿದು ಮೇಲಿನ ಮನೆ ಕೂರುತ್ತದೆ. ಅದಕ್ಕೇ ಮನೆಮನೆಗೆ ಹೋಗಿ ಬಾವಿ ಕೇಳಿದ್ದೆ, ಹಿತ್ತಲನ್ನೂ ನೋಡಿದ್ದೆ.

ಒಂದು ಮನೆಯಲ್ಲಿ ಮಾತ್ರ ಕೇಳಿದೆನೇ ಹೊರತು ಹಿತ್ತಲು ಪರೀಕ್ಷಿಸಲಿಲ್ಲ. ಅದು ನಾನು ಬಾಡಿಗೆಗಿದ್ದ ಮನೆ. ಯಜಮಾನರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ನಮ್ಮ ಕಡೆಯ ಚಿಕ್ಕಪ್ಪ, ಚಿಕ್ಕಮ್ಮ. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದಿದ್ದಾಗ ಕಾಕು ಮೊಸರಲ್ಲಿ ಮುರಿದು ಕೊಟ್ಟಿದ್ದರು. "ಮುದ್ದಿ ನುಂಗಾಕಿ, ಅಗಿಯೂದು ಮರತಾಳ," ಎಂದು ಕಾಕಾ ನಕ್ಕಿದ್ದರು.

"ಇಲ್ಲಿ ಬಾವಿ ಇತ್ತಾ ಕಾಕಾ?"

"ಇಲ್ಲವಾ. ನಮ್ಮಪ್ಪನ ಕಾಲದಿಂದ ನಳಾನ ಐತಿ."

ನಳಾ ಅಂದರೆ ನಲ್ಲಿ. 'ಬಾವಿ ಇಲ್ಲ' ಎಂದು ಬರೆದೆ. ಚರ್ಚಾಸ್ಪರ್ಧೆಗಳಲ್ಲಿ ಪ್ರತಿ ಮಾತಿಗೂ ಆಧಾರ ಕೇಳುತ್ತಿದ್ದವಳು ನಾನು. ಆಧಾರ ಕಣ್ಣೆದುರೇ ಇತ್ತು. ಬಾಣಂತಿ ಬಾವಿಗೆ ಪೂಜೆ ಮಾಡುವುದು ಇಲ್ಲಿಯ ಪದ್ಧತಿ. ಅವರ ಸೊಸೆ ಆ ಒಗೆಯುವ ಕಲ್ಲಿಗೆ ಅರಿಶಿನ ಹಚ್ಚಿದಾಗ ಆರತಿ ತಟ್ಟೆ ಹಿಡಿದಿದ್ದವಳೂ ನಾನೇ.

ಕಲ್ಲು ಎತ್ತಿಸಿದರೆ ಕೆಳಗೆ ಬಾವಿಯ ಕಟ್ಟೆ. ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತು, ಯಾರಿಗೂ ಏನೂ ಆಗಲಿಲ್ಲ. ಕೆಲಸ ಹೋದದ್ದು ಯಂತ್ರ ನಡೆಸುತ್ತಿದ್ದ ಪರಶುರಾಮನದು. ಬಸ್ಸು ಹಿಡಿದು ಖಾನಾಪುರದ ಅವನ ಮನೆಗೆ ಹೋದೆ.

"ಕುಂದರ್ರಿ ಮೇಡಂ," ಎಂದ. "ನೀವು ಬಾವಿ ಇಲ್ಲಂತ ಬರದ್ರಿ. ನಾ ಬಾವಿ ಇಲ್ಲಂತ ನಡಸಿದ್ನಿ. ಖರೇ ಹೇಳ್ರಿ, ಅವಸರ ಯಾರು ಮಾಡಿದ್ರು?"

ಮುಂದಿನ ಬಸ್ಸಿಗೇ ಬೆಳಗಾವಿಗೆ ಮರಳಿದೆ. ತಪ್ಪು ನನ್ನದೆಂದೂ ಮನೆಯವರು ಬಾವಿ ಮುಚ್ಚಿಟ್ಟರೆಂದೂ ಬರೆದು ಕಂಪನಿಗೆ ಕೊಟ್ಟೆ. ಪರಶುರಾಮನನ್ನು ಮರಳಿ ಕರೆದರು.

ಸಂಜೆ ಕಾಕಾಗೂ ಹೇಳಿದೆ. "ಸಣ್ಣ ಮಗಗ ಕನ್ಯಾ ನೋಡಾಕತ್ತೇವಿ," ಎಂದರು. "ಬಾವ್ಯಾನ ಗಂಗೀನ್ನ ಹೂಳಿ ಮನಿ ಕಟ್ಟ್ಯಾರ ಅಂದ್ರ ಯಾರು ಕೊಡ್ತಾರವಾ? ನೀ ನಮ್ಮಾಕಿ ಅಂತ ತಿಳಕೊಂಡಿದ್ನಿ."

ಊರಾಚೆಯ ಪೀರನವಾಡಿಯಲ್ಲಿ ಕೋಣೆ ಹಿಡಿದೆ. ಫೋನಿನಲ್ಲಿ ಅಮ್ಮನಿಗೆ ಇಲ್ಲಿಯವರಂತೆ 'ಹೂಂರಿ' ಎನ್ನುತ್ತೇನೆ, ಅವಳು ಬೈಯುತ್ತಾಳೆ. ಇಲ್ಲಿ ಅಂಗಡಿಯವರು 'ಯಾವ ಕಡ್ಯಾವ್ರಿ' ಎಂದು ಕೇಳುತ್ತಾರೆ. ಎರಡೂ ಕಡೆ ಬೇಸರವೇನೂ ಆಗುವುದಿಲ್ಲ.

ಕೀಲಿ ಕೊಡಲು ಹೋದ ದಿನ ಕಾಕಾ ಬಾಗಿಲಲ್ಲೇ ನಿಂತಿದ್ದರು. ಒಂದೇ ಮಾತು ಕೇಳಿದೆ.

"ಬಾವಿ ಇಲ್ಲ ಅಂತ ಅಂದು ನೀವು ಹೇಳಿದ್ದು ಯಾರಿಗೆ ಕಾಕಾ, ಕಂಪನಿಯವಳಿಗಾ, ಮನೆಯವಳಿಗಾ?"