ಶಟ್ಟೆವ್ವ ಒಡ್ಡಿದ ಭಂಡಾರದ ತಟ್ಟೆ

ಶಟ್ಟೆವ್ವನಂಥ ಹುಚ್ಚಿಯನ್ನು ನಮ್ಮ ಉಗರಗೋಳದಲ್ಲಿ ನಾನು ಕಂಡಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ದೇವಿಗೆ ಏರಿಸುವ ಅರಿಸಿನ ಪುಡಿ, ಅಂದರೆ ಭಂಡಾರ, ಮತ್ತೆ ಕುಂಕುಮ ಮಾರಿ ಬದುಕಿದವಳು. ಗಂಡ ಸೆರೆ ಕುಡಿದೇ ಸತ್ತ. ಮಗ ಮುತ್ತಪ್ಪನೂ ಅದೇ ದಾರಿ ಹಿಡಿದಿದ್ದ. ಬೆಳಿಗ್ಗೆ ಎದ್ದರೆ ಅಂಗಡಿ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದ. ಅವನೊಬ್ಬ ಉಳಿಯಲಿ ಅನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಹೋದ ಚುನಾವಣೆಯಲ್ಲಿ ಒಂದು ಪಕ್ಷ, ಊರೊಳಗಿನ ಸೆರೆ ಅಂಗಡಿ ಮುಚ್ಚಿಸುತ್ತೇವೆ ಎಂದು ತನ್ನ ಪ್ರಣಾಳಿಕೆಯಲ್ಲಿ ಅಚ್ಚು ಹಾಕಿಸಿತು. ಯಾರೋ ಓದಿ ಹೇಳಿದ್ದೇ ತಡ, ಶಟ್ಟೆವ್ವ ತಟ್ಟೆ ತುಂಬ ಭಂಡಾರ ಹಿಡಿದು ಮನೆಮನೆಗೆ ಹೊರಟಳು. ನಮ್ಮ ಕಡೆ ಭಂಡಾರ ಮುಟ್ಟಿ ಆಡಿದ ಮಾತು ಮುರಿಯುವ ಧೈರ್ಯ ಯಾರಿಗೂ ಇಲ್ಲ. ಇಡೀ ಓಣಿಯ ಹೆಂಗಸರು ಮುಟ್ಟಿದರು, ಅವಳು ಹೇಳಿದ ಗುರುತಿಗೇ ಒತ್ತಿದರು. ಆ ಪಕ್ಷದ ಉಮೇದುವಾರ ಕಲ್ಮೇಶನ ಮುಂದೆ ಮಾತ್ರ ಅವಳು ತಟ್ಟೆ ಒಡ್ಡಲಿಲ್ಲ. ಅಚ್ಚಾದ ಮಾತಿಗೆ ಮತ್ತೆ ಆಣೆ ಯಾಕೆ ಅಂದುಕೊಂಡಳು. ಇದಕ್ಕೇ ನಾನು ಹುಚ್ಚಿ ಅನ್ನುವುದು.

ಕಲ್ಮೇಶ ಗೆದ್ದ. ಅಂಗಡಿ ಮುಚ್ಚಲಿಲ್ಲ, ಬಸ್ ನಿಲ್ದಾಣದ ಹತ್ತಿರ ಇನ್ನೊಂದು ತೆರೆಯಿತು, ಅವನ ಅಳಿಯನದು. ಶಟ್ಟೆವ್ವ ಸವದತ್ತಿಗೆ ಹೋಗಿ ಪಕ್ಷದ ಅಧ್ಯಕ್ಷರ ಮುಂದೆ ನಿಂತಳು.

"ನಿಮ್ಮ ಪಕ್ಷದ ಮಾತ ನಡಸಾಕ ಅವ ಒಲ್ಲೆ ಅಂತಾನ್ರಿ. ನೀವರ ತಾಕೀತ ಮಾಡ್ರಿ."

"ಪ್ರಣಾಳಿಕೆ ಪಕ್ಷದ್ದ ಐತಿ ಬೇ, ಗೆದ್ದಾವ ಅವ," ಅಧ್ಯಕ್ಷರು ಚಹಾ ಕುಡಿಯುತ್ತಲೇ ಹೇಳಿದರು. "ಅವನ್ನ ಕಟ್ಟಿಹಾಕಾಕ ಬರೂದಿಲ್ಲ."

"ಹಂಗಾರ ನಮ್ಮನ್ಯಾಕ ಕಟ್ಟಿಹಾಕಿದ್ರಿ?"

"ನಾವೆಲ್ಲಿ ಕಟ್ಟೇವಿ? ಭಂಡಾರ ಹಿಡದಾಕಿ ನೀನ."

ಆ ಮಾತು ಅವಳಿಗಿಂತ ಮೊದಲೇ ಓಣಿ ಮುಟ್ಟಿತ್ತು. ನೆರೆಮನೆಯ ಕೆಂಪವ್ವ ಬಾಗಿಲಲ್ಲೇ ನಿಂತು ಕೂಗಿದಳು: "ನಮ್ಮ ಕೈಲೆ ಆಣಿ ಮಾಡಿಸಿ ಸುಳ್ಳಿಗೆ ಓಟ ಹಾಕಿಸಿದಿ. ನಿನ್ನ ಕೈಯಾಗಿನ ಕುಂಕುಮ ಇನ್ನ ಬ್ಯಾಡ." ಕಲ್ಮೇಶ ಎದುರಾದರೆ ಇವರೆಲ್ಲ ನಮಸ್ಕಾರ ಹೊಡೆಯುತ್ತಲೇ ಇದ್ದರು. ಸಿಟ್ಟು ತೀರಿಸಿಕೊಳ್ಳಲು ಸಿಕ್ಕವಳು ಇವಳೊಬ್ಬಳೇ. ನಮ್ಮ ಜನದ ಶೂರತನ ಇಷ್ಟೇ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಈ ಸಲವೂ ಅದೇ ಪಕ್ಷ, ಅದೇ ಕಲ್ಮೇಶ, ಪ್ರಣಾಳಿಕೆಯಲ್ಲಿ ಅದೇ ಸಾಲು. ಪ್ರಚಾರ ಸಭೆಯ ದಿನ ಶಟ್ಟೆವ್ವ ಸೀದಾ ವೇದಿಕೆ ಹತ್ತಿ ಅವನ ಮುಂದೆ ತಟ್ಟೆ ಒಡ್ಡಿದಳು.

"ಮುಟ್ಟಿ ಹೇಳ್ರಿ ಸಾಹೇಬ್ರ, ಅಂಗಡಿ ಮುಚ್ಚಸ್ತೇನಿ ಅಂತ."

ಕಲ್ಮೇಶನ ಮುಖ ಕಪ್ಪಿಟ್ಟಿತು. ಕೈ ಮಾತ್ರ ಮುಂದೆ ಬರಲಿಲ್ಲ. ಅಧ್ಯಕ್ಷರು ಬೇರೆ ಕಡೆ ನೋಡಿದರು. ಅಷ್ಟರಲ್ಲಿ ಪಕ್ಷದ ಶಾಲು ಹೊದ್ದ ಕಾರ್ಯಕರ್ತನೊಬ್ಬ ತೂರಾಡುತ್ತ ಬಂದು ತಟ್ಟೆಗೆ ಹೊಡೆದ. ಭಂಡಾರವೆಲ್ಲ ಅವಳ ಕಣ್ಣಿಗೇ ಬಿತ್ತು. ಆ ಕಾರ್ಯಕರ್ತ ಮುತ್ತಪ್ಪ. ಪ್ರಚಾರ ಮುಗಿಯುವ ತನಕ ಅವನ ಕುಡಿತದ ಖರ್ಚನ್ನು ಕಲ್ಮೇಶನ ಕಡೆಯವರೇ ನೋಡಿಕೊಳ್ಳುತ್ತಿದ್ದರು.

"ನಿನ್ನ ಸಲುವಾಗಿನ ಕೇಳಾಕತ್ತೇನೋ ಮಗನ," ಅಂದಳು ಕಣ್ಣು ಉಜ್ಜಿಕೊಳ್ಳುತ್ತ.

"ಸಾಹೇಬ್ರ ಮರ್ಯಾದಿ ತಗೀತಿ ಏನ? ನಡಿ ಮನಿಗೆ!" ಅಂದವನೇ ತಾಯಿಯ ರಟ್ಟೆ ಹಿಡಿದು ಮೆಟ್ಟಿಲಿಂದ ಕೆಳಕ್ಕೆ ನೂಕಿದ.

ಜನ ನಕ್ಕರು. ಕಲ್ಮೇಶ ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ಬಂದು, ಸೆರೆ ಅಂಗಡಿ ಮುಚ್ಚಿಸುವ ಸಾಲನ್ನು ಗಟ್ಟಿಯಾಗಿ ಓದಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮುತ್ತಪ್ಪ.