ಉಳ್ಳಾರ್ತಿ ಕಾವಲಿನ ಮಿಡತೆಗಳು

ಚಳ್ಳಕೆರೆಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಎಂಎಸ್ಸಿಯವರಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. "ಲೆಕ್ಕ ಬ್ಯಾಡ ಅಂತಾನೇ ಬಯಾಲಜಿ ತಗೊಂಡ್ವಿ ಸಾರ್" ಎಂದು ಮೊದಲ ದಿನವೇ ಹೆಮ್ಮೆಯಿಂದ ಹೇಳಿಕೊಂಡವರು ಅವರು. ಸರಾಸರಿ ಕೇಳಿದರೂ ಮೊಬೈಲ್ ಹೊರಗೆ ಬರುತ್ತಿತ್ತು.

ಪ್ರತಿ ವರ್ಷದಂತೆ ಆ ವರ್ಷವೂ ಅವರನ್ನು ಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿಗೆ ಕರೆದುಕೊಂಡು ಹೋದೆ. ಒಂದೊಂದು ತಂಡವೂ ನಲವತ್ತು ಮಿಡತೆ ಹಿಡಿದು, ಬೆನ್ನಿಗೆ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಟ್ಟು ಮತ್ತೆ ಹುಲ್ಲಿಗೇ ಹಾರಿಬಿಟ್ಟಿತು. ಮೂರು ದಿನದ ಮೇಲೆ ಮತ್ತೆ ಹಿಡಿಯಬೇಕು. ಆಗ ಚುಕ್ಕೆಯವು ಎಷ್ಟು ಸಿಕ್ಕವು ಎನ್ನುವುದರಿಂದ ಅಲ್ಲಿರುವ ಒಟ್ಟು ಮಿಡತೆಗಳ ಅಂದಾಜು ಸಿಗುತ್ತದೆ. ಎರಡನೇ ಸಲ ನನಗೆ ಪರೀಕ್ಷೆ ಡ್ಯೂಟಿ ಬಿತ್ತು. ಅವರಷ್ಟೇ ಹೋದರು. ಹೋಗಿ, ಬಸ್ಸಿಳಿದ ಕಡೆ ಟೀ ಅಂಗಡಿಯಲ್ಲೇ ಕೂತು ಪಟ್ಟಿ ತುಂಬಿಸಿದರು.

ಒಂದು ತಂಡದ ಪಟ್ಟಿಯಲ್ಲಿ ಚುಕ್ಕೆಯವು ಐವತ್ತೆರಡು ಇದ್ದವು.

"ನಲವತ್ತಕ್ಕೆ ಬಣ್ಣ ಹಚ್ಚಿದ್ರಿ. ಐವತ್ತೆರಡು ಹೆಂಗ್ರೋ ಸಿಕ್ಕವು?"

"ಮರಿ ಹಾಕಿರ್ತಾವೆ ಸಾರ್" ಎಂದ ಆ ತಂಡದ ಹುಡುಗ.

"ನೈಲ್ ಪಾಲಿಶ್ ಹಚ್ಕೊಂಡೇ ಹುಟ್ಟಿದ್ವಾ?"

ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ. ನಾಚಿಕೆ ಅನ್ನುವುದು ಸಿಲೆಬಸ್ಸಿನಲ್ಲಿ ಇರಲಿಲ್ಲವಲ್ಲ.

ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ತಂಡದವರು ಟೀ ಕುಡಿಯುವಾಗ ಇವಳೊಬ್ಬಳೇ ಬಲೆ ಹಿಡಿದು ಬಿಸಿಲಲ್ಲಿ ತಿರುಗಿದ್ದಳಂತೆ. ಎಲ್ಲರೂ ಹೋದ ಮೇಲೆ ತನ್ನದೇ ಹಾಳೆ ತಂದು ಕೊಟ್ಟಳು. ಮೂವತ್ತೊಂದು ಮಿಡತೆ ಹಿಡಿದಿದ್ದಾಳೆ, ಚುಕ್ಕೆಯದು ಸೊನ್ನೆ.

"ಒಕ್ಕಟೀ ಲೇದು..." ಎಂದು ಹೆದರಿಕೆಯಲ್ಲಿ ಮನೆಯ ತೆಲುಗೇ ಬಂತು. ಆಮೇಲೆ ಸಾವರಿಸಿಕೊಂಡು, "ಒಂದೂ ಸಿಗ್ಲಿಲ್ಲ ಸಾರ್. ಕೆಂಪು ಚುಕ್ಕೆ ಹುಲ್ಲಾಗೆ ಎದ್ದು ಕಾಣ್ತೈತೆ. ಹಕ್ಕಿಗಳು ತಿಂದಿರ್ಬೋದು" ಎಂದಳು.

ವರ್ಷಗಟ್ಟಲೆ ಕೆಂಪು ಬಣ್ಣವನ್ನೇ ಹಚ್ಚಿಸಿದ್ದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ವಿಭಾಗದ ಮುಖ್ಯಸ್ಥರು ಕರೆಸಿದರು. ಅವರು ಕಾವಲಿಗೆ ಕಾಲಿಟ್ಟವರಲ್ಲ. ಕುರ್ಚಿ ಬಿಟ್ಟು ಎದ್ದಿದ್ದನ್ನೂ ನಾನು ಕಂಡಿಲ್ಲ.

"ಏನ್ರಿ, ಸೊನ್ನೆ ತಂದೋಳಿಗೆ ಫುಲ್ ಮಾರ್ಕ್ಸಾ? ಐವತ್ತೆರಡು ತಂದೋರು ನೋಡ್ರಿ, ಗ್ರಾಫ್ ಎಷ್ಟು ಚೆನ್ನಾಗೈತೆ!"

"ಅದು ಸುಳ್ಳು ಸಾರ್."

"ರಿಸಲ್ಟ್ ಕಡಿಮೆ ಬಂದ್ರೆ ನೀವು ಉತ್ತರ ಹೇಳ್ತೀರಾ?"

ಅವಳ ಅಂಕ ಹೊಡೆದು ಅರ್ಧ ಮಾಡಿದರು, ಐವತ್ತೆರಡರವರದು ಏರಿಸಿದರು. ಅಂಕಪಟ್ಟಿಯನ್ನು ನನ್ನ ಮುಂದೆ ತಳ್ಳಿದರು. ನಾನು ಗೆಸ್ಟ್ ಲೆಕ್ಚರರ್, ಮುಂದಿನ ವರ್ಷವೂ ಅವರೇ ಕರೆಯಬೇಕು. ಸಹಿ ಹಾಕಿದೆ.

ಹುಡುಗರನ್ನು ಬೈಯುವ ಬಾಯಿ ಅವತ್ತಿಗೆ ಕಟ್ಟಿತು. ನನ್ನ ಸಹಿಯಿದ್ದ ಅಂಕಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ಮೇಲೂ ಆ ಹುಡುಗಿ ದಿನಾ ಕ್ಲಾಸಿಗೆ ಬಂದಳು, ಎದುರು ಸಿಕ್ಕರೆ ನಮಸ್ಕಾರವನ್ನೂ ಮಾಡಿದಳು. ಆದರೆ ನನ್ನನ್ನು ಮತ್ತೆ ಏನನ್ನೂ ಕೇಳಲಿಲ್ಲ.