ಬೀಗರ ಮನೆಯ ಚಹಾ

ಲೋಟದ ತಳ ಕಾಣುವ ತನಕ ಕುಡಿಯದೆ ಕೆಳಗಿಡುವುದು ನನ್ನಿಂದಾಗದ ಕೆಲಸ. ಕೊಟ್ಟ ಕಾಫಿಯನ್ನು ಅರ್ಧಕ್ಕೆ ಬಿಟ್ಟರೆ ಮಾಡಿದವರಿಗೆ ಅವಮಾನ ಎಂದು ಮೈಸೂರಿನಲ್ಲಿ ನಮ್ಮಮ್ಮ ಕಲಿಸಿದ್ದರು. ಆ ಸದ್ಗುಣವನ್ನು ಕಟ್ಟಿಕೊಂಡೇ ನಾನು ಮಲೇಷ್ಯಾದ ಬಂದರೂರು ಕ್ಲಾಂಗಿನಲ್ಲಿರುವ, ಚೀನೀ ಮೂಲದ ಲಿಮ್ ಅವರ ಮನೆಗೆ ಚಹಾಕ್ಕೆ ಹೋದೆ.

ನಮ್ಮ ಮಗಳು ಮೇಘನಾ ಲಿಮ್ ಅವರ ಮಗನನ್ನು ಮೆಚ್ಚಿದ್ದಳು. ನಾನೂ ನನ್ನಾಕೆಯೂ ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿಗೆ ತರಕಾರಿ ತರಲು ಹೋದಾಗಲೆಲ್ಲ ಇದೇ ವಿಷಯಕ್ಕೆ ಜಗಳವಾಡಿ, ಸುಸ್ತಾಗಿ, ಕಡೆಗೆ ಒಪ್ಪಿದ್ದೆವು. ಬಂದರಿನಲ್ಲಿ ಸರಕು ಸಾಗಣೆ ವ್ಯವಹಾರ ಮಾಡಿ ಈಗ ಆರಾಮಾಗಿರುವ ಲಿಮ್ ಮಾತ್ರ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ‘ನೋಡೋಣ ಲಾ’ ಎಂದು, ಅಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ‘ಲಾ’ ಸೇರಿಸಿದಲ್ಲಿಗೆ ಮಾತು ನಿಂತಿತ್ತು. ಹಾಲು ಕೇಳಬಾರದು, ಸಕ್ಕರೆ ಕೇಳಬಾರದು, ಅವರಾಗಿ ಎತ್ತುವ ತನಕ ಮದುವೆಯ ಮಾತು ಎತ್ತಬಾರದು ಎಂದು ಮೇಘನಾ ಕಾರಿನಲ್ಲಿ ಇಂಗ್ಲಿಷಿನಲ್ಲಿ ತಾಕೀತು ಮಾಡಿದಳು. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ನಿಲ್ಲುವ ಹುಡುಗಿಯ ಎದೆಬಡಿತ ಎಂಥದೆಂದು ನನಗೆ ಅವತ್ತು ಗೊತ್ತಾಯಿತು.

ಲಿಮ್ ಪುಟ್ಟ ಮಣ್ಣಿನ ಹೂಜಿಯಿಂದ ಬಗ್ಗಿಸಿಕೊಟ್ಟ ಬಟ್ಟಲಿನಲ್ಲಿ ಒಂದು ಗುಟುಕಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ತೀರ್ಥದಂತೆ ಕುಡಿದೆ, ಕೈಯನ್ನು ತಲೆಗೆ ಒರೆಸಿಕೊಳ್ಳುವುದೊಂದು ಬಾಕಿ. ಅದು ಹಸಿರು ಚಹಾ. ಕಿತ್ತ ಎಲೆಯನ್ನು ಹೆಚ್ಚು ಬಾಡಗೊಡದೆ ಬಾಣಲೆಯಲ್ಲಿ ಹುರಿದರೆ ಹಸಿರು ಹಾಗೇ ಉಳಿಯುತ್ತದಂತೆ. ಚಹಾ ಗಿಡ ತನ್ನಷ್ಟಕ್ಕೆ ಬಿಟ್ಟರೆ ಮರವಾಗುತ್ತದೆ ಎಂದು ಲಿಮ್ ಶುರು ಮಾಡಿದರು. ಬೆಟ್ಟದ ತಂಪಿನಲ್ಲಿ ನೆಟ್ಟು, ತಲೆಯೆತ್ತಿದಾಗಲೆಲ್ಲ ಕತ್ತರಿಸಿ ಸೊಂಟದೆತ್ತರಕ್ಕೆ ಇಟ್ಟರೆ ಮಾತ್ರ ಅದು ಚಿಗುರುತ್ತಲೇ ಇರುತ್ತದೆ; ಕುಡಿಯ ಜೊತೆ ಎರಡೆಲೆ ಚಿವುಟಬೇಕು. ತಲೆಯೆತ್ತಿದಾಗಲೆಲ್ಲ ಕತ್ತರಿಸುವ ಮಾತಿಗೆ ನನ್ನಾಕೆ ನನ್ನ ಕಡೆ ನೋಡಿ ತಲೆದೂಗಿದಳು.

ನಾನು ಖಾಲಿ ಮಾಡಿದ ಬಟ್ಟಲನ್ನು ಅವರು ಮತ್ತೆ ತುಂಬಿದರು. ತುಂಬಿದ್ದನ್ನು ನಾನು ಖಾಲಿ ಮಾಡಿದೆ. ಅತಿಥಿಯ ಬಟ್ಟಲು ಖಾಲಿಯಿದ್ದರೆ ಅವರ ಪ್ರಕಾರ ಮನೆಯವರಿಗೆ ಅವಮಾನ, ಸಾಕಾದವನು ತುಂಬಿದ ಬಟ್ಟಲನ್ನು ಹಾಗೇ ಬಿಡಬೇಕು. ಇದನ್ನು ಮೇಘನಾ ಹೇಳಿದ್ದು ಎಲ್ಲ ಮುಗಿದ ಮೇಲೆ. ಬಾಯಲ್ಲಿ ‘ಸಾಕು, ಸಾಕು’ ಎನ್ನುತ್ತಲೇ ಇದ್ದೆ ನಿಜ, ಆದರೆ ಹಾಗೆಂದು ಬಟ್ಟಲು ಬರಿದು ಮಾಡುವವನನ್ನು ಯಾವ ದೇಶದವರು ತಾನೆ ನಂಬಿಯಾರು? ಈ ಚಹಾ ನನಗೆ ಹಿಡಿಸಲಿಲ್ಲ, ಇನ್ನೂ ಒಳ್ಳೆಯದನ್ನು ಬಯಸುತ್ತಿದ್ದೇನೆ ಎಂದು ಲಿಮ್ ತಿಳಿದರು.

ಬರೀ ಬಾಡಿಸಿ ಒಣಗಿಸಿದ ಬಿಳಿ ಚಹಾ ಬಂತು. ಎಲೆಯನ್ನು ಕುಲುಕಿ, ಅಂಚು ಕಂದಿಸಿ, ಅರ್ಧಕ್ಕೇ ತಡೆದ ಊಲಾಂಗ್ ಬಂತು. ಪೂರ್ತಿ ಕಂದಗೊಟ್ಟದ್ದು, ನಾವು ಕಪ್ಪು ಎನ್ನುವುದು, ಅವರು ಕೆಂಪು ಎನ್ನುವುದು, ಅದೂ ಬಂತು. ಎಲ್ಲವೂ ಒಂದೇ ಜಾತಿಯ ಗಿಡದವು, ಕಿತ್ತ ಮೇಲೆ ಎಲೆಯನ್ನು ಸಾಕಿದ ರೀತಿ ಬೇರೆ ಅಷ್ಟೆ. ಹೊಟ್ಟೆಯಲ್ಲಿ ಸಮುದ್ರಕ್ಕೆ ಭರತ ಬಂದಂತಾಗಿತ್ತು. ಮದುವೆಯ ಮಾತು ಮಾತ್ರ ಬರಲಿಲ್ಲ. ಲಿಮ್ ಮುಖ ಗಂಭೀರವಾಗುತ್ತ ಹೋಯಿತು. ಮೇಘನಾ ಉಗುರು ಕಚ್ಚುತ್ತಿದ್ದಳು. ಸಂಬಂಧ ಕೈಬಿಟ್ಟು ಹೋಯಿತೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆಗ ಲಿಮ್ ಎದ್ದು ಒಳಗೆ ಹೋಗಿ ಕಾಗದ ಸುತ್ತಿದ ಬಿಲ್ಲೆಯೊಂದನ್ನು ತಂದರು. ಬಿಚ್ಚಿದರೆ ಕಪ್ಪು ಬೆರಣಿಯಂತಿತ್ತು. ಪು-ಅರ್ ಎಂಬ ಚಹಾ. ಎಲೆಯನ್ನು ಅಚ್ಚಿಗೊತ್ತಿ ವರ್ಷಗಟ್ಟಲೆ ಮಾಗಲು ಇಡುತ್ತಾರೆ. ಹಟ ತೊಟ್ಟವರಂತೆ ದಬ್ಬಳ ಚುಚ್ಚಿ ಚೂರು ಮುರಿದು, ಕುದಿನೀರು ಸುರಿದು ನನ್ನ ಮುಂದಿಟ್ಟರು. ಕುಡಿದೆ. ಮಳೆ ಬಿದ್ದ ಮಣ್ಣಿನ ವಾಸನೆ. ಅಭ್ಯಾಸಬಲ, ಬಟ್ಟಲು ಖಾಲಿ.

ಮೇಘನಾಳ ಪಕ್ಕ ಕೂತಿದ್ದ ಹುಡುಗ ಆಗ ಮೆಲ್ಲಗೆ ಬಾಯಿಬಿಟ್ಟ. ಅದು ಅವನು ಹುಟ್ಟಿದ ವರ್ಷ ಅಪ್ಪ ಕೊಂಡಿಟ್ಟ ಬಿಲ್ಲೆಯಂತೆ. ಅವನ ಮದುವೆಯ ದಿನ ಹೆಣ್ಣಿನ ಕಡೆಯವರ ಮುಂದೆ ಮುರಿಯಬೇಕೆಂದು ಇಟ್ಟದ್ದಂತೆ.

ಲಿಮ್ ಕೈಯಲ್ಲಿದ್ದ ದಬ್ಬಳ ನೋಡಿದರು, ಮುರಿದ ಬಿಲ್ಲೆ ನೋಡಿದರು, ಮಗನನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು.

“ಮುರಿದಾಯ್ತಲ್ಲ ಲಾ,” ಅಂದರು. “ಇನ್ನೇನು ಮಾಡೋದು? ಮದುವೆ ಮಾಡಲೇಬೇಕು.”

ಮೇಘನಾ ಅತ್ತೇಬಿಟ್ಟಳು. ನನ್ನ ಕಣ್ಣಲ್ಲೂ ನೀರು. ಎಷ್ಟು ಸಂತೋಷದ್ದು, ಎಷ್ಟು ಚಹಾದ್ದು ಎಂದು ಹೇಳಲಾರೆ. ಸಂಬಂಧವೊಂದು ಕುದುರಿತೆಂದರೆ ಇಬ್ಬರ ನಡುವೆ ಸಂಕೋಚ ಉಳಿಯಬಾರದು. ಲಿಮ್ ಅವರ ಎರಡೂ ಕೈ ಹಿಡಿದುಕೊಂಡು, ಬೀಗರೆಂದು ಅವರನ್ನು ನಾನು ಕೇಳಿದ ಮೊದಲ ಮಾತು, ಟಾಯ್ಲೆಟ್ ಎಲ್ಲಿದೆ ಎಂಬುದು.